ಅಲ್ಲಾಡದ ಚಲನಚಿತ್ರ

ಕೋಪಿಷ್ಠರ ಬಗ್ಗೆ ಲೋಕಕ್ಕೆ ಒಳ್ಳೆಯ ಅಭಿಪ್ರಾಯವಿಲ್ಲ. ಲೋಕದ ಬಗ್ಗೆ ಕೋಪಿಷ್ಠರಿಗೂ ಇಲ್ಲ, ಅಲ್ಲಿಗಲ್ಲಿಗೆ ಸರಿಹೋಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಮೂಗು ನೋಡಿದವರು ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಹೇಗೆ ಹಿಡಿಸಿತು ಎಂದು ಆಶ್ಚರ್ಯಪಡುತ್ತಾರೆ. ಹೋದ ವಾರ ನಾನು ಪಾಠ ಹೇಳುವ ಹಂಗಳದ ಶಾಲೆಯ ವಾರ್ಷಿಕೋತ್ಸವಕ್ಕೆ ಅತಿಥಿಯೊಬ್ಬರು ಬಂದಿದ್ದರು. ಒಂದೂವರೆ ಗಂಟೆ ಮಾತಾಡಿ, ಕಡೆಗೆ, 'ತಾಳ್ಮೆಯೇ ಕಲೆಯ ತಾಯಿ' ಎಂದು ಮುಗಿಸಿದರು. ಬಿಸಿಲಿನಲ್ಲಿ ಕೂತಿದ್ದ ಮಕ್ಕಳು, ಭಾಷಣ ಮುಗಿದ ಸಂತೋಷಕ್ಕೆ, ಜೋರಾಗಿ ಚಪ್ಪಾಳೆ ತಟ್ಟಿದವು. ನಾನು ಹಲ್ಲು ಕಡಿದೆ. ಯಾಕೆಂದರೆ ಈ ಸೀಮೆಯಲ್ಲಿ ಕೈಯಾರೆ ಒಂದು ಚಲನಚಿತ್ರ ತಯಾರಿಸಿದ ಪುಣ್ಯಾತ್ಮ ನಾನು. ಕಲೆಯ ತಾಯಿ ಯಾರು, ಅಜ್ಜಿ ಯಾರು ಎನ್ನುವುದು ನನಗೆ ಆ ಅತಿಥಿಗಳಿಗಿಂತ ಚೆನ್ನಾಗಿ ಗೊತ್ತು.

ನಾಲ್ಕೈದು ವರ್ಷದ ಹಿಂದಿನ ಮಾತು. ನಾನಾಗ ಚಾಮರಾಜನಗರದಲ್ಲಿ ಮೇಷ್ಟರ ಟ್ರೈನಿಂಗಿಗೆ ಸೇರಿದ್ದೆ. ಒಂದು ದಿನ ಮೈಸೂರಿನಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದು, ಇನ್ನು ಮುಂದೆ ಮಕ್ಕಳಿಗೆ ಕಿವಿಯಿಂದ ಪಾಠ ಹೇಳಿದರೆ ಸಾಲದು, ಕಣ್ಣಿನಿಂದ ಹೇಳಬೇಕು ಎಂದರು. ನಮ್ಮಲ್ಲಿ ಅರ್ಧ ಜನ ಅಲ್ಲಿಯವರೆಗೆ ಕೈಯಿಂದ, ಅಂದರೆ ಬೆತ್ತದಿಂದ, ಹೇಳುವುದೆಂದು ತಿಳಿದಿದ್ದೆವು. ಅವರು ಚರ್ಮದ ಪೆಟ್ಟಿಗೆಯಿಂದ ಒಂದು ಸಿನಿಮಾ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟರು. ಗಡಿಯಾರಕ್ಕೆ ಕೊಡುವ ಹಾಗೆ ಅದಕ್ಕೂ ಚಾವಿ ಕೊಡಬೇಕು. ಒಂದು ಸಲ ಪೂರ್ತಿ ತಿರುಗಿಸಿದರೆ ಅರ್ಧ ನಿಮಿಷ ಗರಗರ ಎಂದು ಓಡುತ್ತದೆ. ಜೊತೆಗೆ ಒಂದೇ ಒಂದು ಸುರುಳಿ ಫಿಲ್ಮು, ಎಲ್ಲ ಸೇರಿ ನಾಲ್ಕು ನಿಮಿಷಕ್ಕೂ ಕಡಿಮೆ. 'ನಿಮ್ಮ ಸುತ್ತಣ ಬದುಕಿನ ಚಲನೆಯನ್ನು ಹಿಡಿಯಿರಿ. ಚೆನ್ನಾಗಿ ಬಂದರೆ ಮೈಸೂರಿನಲ್ಲಿ ನಾಲ್ಕು ಜಿಲ್ಲೆಯ ಮೇಷ್ಟರುಗಳ ಮುಂದೆ ತೋರಿಸುತ್ತೇನೆ' ಎಂದರು. 'ಯಾರು ಮಾಡುತ್ತೀರಿ?' ಎಂದು ಕೇಳಿದಾಗ ಮುಂದಿನ ಸಾಲಿನವರೆಲ್ಲ ತಲೆ ತಗ್ಗಿಸಿದರು. ನಾನು ಹಿಂದಿನ ಸಾಲಿನಲ್ಲಿ, ಸೆಖೆಗೆ, ಕತ್ತಿನ ಗುಂಡಿ ಬಿಚ್ಚಿಕೊಳ್ಳಲೆಂದು ಕೈ ಎತ್ತಿದ್ದೆ ಎಂದು ನನ್ನ ಸ್ನೇಹಿತರು ಹೇಳುವುದು ಶುದ್ಧ ಸುಳ್ಳು. ನಾನು ಬೇಕೆಂದೇ ಎತ್ತಿದೆ.

ಕಲೆಯ ಮೊದಲ ಶತ್ರು ಕಮಿಟಿ. ಕಥೆ ನಿರ್ಧರಿಸಲು ಒಂಬತ್ತು ಜನ ಕೂತೆವು. ಒಬ್ಬ ಹಾಡು ಬೇಕೆಂದ. ಮೂಕಚಿತ್ರದಲ್ಲಿ ಹಾಡು ಹೇಗಯ್ಯಾ ಎಂದರೆ, ಬಾಯಿ ಆಡಿಸಿದರೆ ಸಾಕು, ನೋಡುವವರು ಹಾಡಿಕೊಳ್ಳುತ್ತಾರೆ ಎಂದ. ಇನ್ನೊಬ್ಬ, 'ಗುಂಡ್ಲುಪೇಟೆ ಕಡೆ ಪಿಚ್ಚರು ಅಂದಮ್ಯಾಕೆ ಕಾಡ್ನಿಂದ ಒಂದು ಹುಲಿ ಬ್ಯಾಡ್ವಾ?' ಎಂದ. ಹರವೆಯ ನಂಜುಂಡ ಎನ್ನುವ ನನ್ನ ಸಹಪಾಠಿ ಎರಡು ದಿನ ಊಟ ಬಿಟ್ಟು ನಲವತ್ತು ಪುಟದ ಸಂಭಾಷಣೆ ಬರೆದು ತಂದ. ಅದರಲ್ಲಿ ಒಬ್ಬ ಜಮೀನ್ದಾರ ಒಂದೇ ಉಸಿರಿಗೆ ಮೂರು ಪುಟ ಪಶ್ಚಾತ್ತಾಪಪಡುತ್ತಿದ್ದ. 'ಚಿತ್ರ ಮಾತಾಡುವುದಿಲ್ಲ ಕಣೋ' ಎಂದೆ. 'ಮಾತಾಡ್ದೆ ಇದ್ರೆ ಪಶ್ಚಾತ್ತಾಪ ಎಂಗೆ ಗೊತ್ತಾಯ್ತದ್ಲಾ?' ಎಂದು ನನ್ನನ್ನೇ ಕೇಳಿದ. ನಾನು ಎದ್ದು ನಿಂತು ಕಮಿಟಿಯನ್ನು ಬರಖಾಸ್ತು ಮಾಡಿದೆ. ಆ ಅಧಿಕಾರ ನನಗಿರಲಿಲ್ಲ, ಆದರೆ ಗಂಟಲು ಇತ್ತು.

ಆ ಸಿಟ್ಟಿನಲ್ಲಿ ಬಸ್ಸು ಹತ್ತಿ ಗುಂಡ್ಲುಪೇಟೆಯ ಮನೆಗೆ ಬಂದಾಗಲೇ ಕಥೆ ಹೊಳೆದದ್ದು. ಹೊಳೆಯುವುದೇನು, ಪೊರಕೆ ಹಿಡಿದು ನನ್ನ ಕಾಲ ಮೇಲೆಯೇ ಗುಡಿಸಿಕೊಂಡು ಹೋಯಿತು. ನಮ್ಮ ಅಜ್ಜಿ ದೇವಮ್ಮಣ್ಣಿ ಸುಮ್ಮನೆ ಕೂತಿದ್ದನ್ನು ಕಂಡವರು ಊರಿನಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಗುಡಿಸಲು ಶುರುಮಾಡಿದರೆ ಕೊಟ್ಟಿಗೆ, ರಾಗಿಕಲ್ಲು, ಬೆರಣಿ, ಮಜ್ಜಿಗೆ, ಹೊಲಕ್ಕೆ ಬುತ್ತಿ, ಎಲ್ಲ ಮುಗಿಸಿ, ಕೂತು ಮಾತಾಡುವಾಗಲೂ ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಿರುತ್ತಾಳೆ. ಅವರೆಕಾಯಿ ಇಲ್ಲದ ಕಾಲದಲ್ಲಿ ಪಕ್ಕದವರ ಮಕ್ಕಳ ತಲೆಯಲ್ಲಿ ಹೇನು ಹುಡುಕುತ್ತಾಳೆ. ಬದುಕಿನ ಚಲನೆ ಎಂದು ಆ ಅಧಿಕಾರಿ ಹೇಳಿದ್ದು ಇದನ್ನಲ್ಲದೆ ಇನ್ಯಾವುದನ್ನು? ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅಜ್ಜಿಯ ಆ ಕೆಲಸವನ್ನು ಕೆಲಸವೆಂದು ನಮ್ಮ ಮನೆಯಲ್ಲಿ ಯಾರೂ ಒಪ್ಪಿದ್ದಿಲ್ಲ. 'ಅಜ್ಜಿ ಏನ್ ಮಾಡ್ತಾ ಅದೆ?' ಎಂದು ಯಾರಾದರೂ ಕೇಳಿದರೆ 'ಏನಿಲ್ಲ, ಮನೇಲದೆ' ಎನ್ನುವುದು ರೂಢಿ. ನಾಲ್ಕು ಜಿಲ್ಲೆಯ ಮೇಷ್ಟರುಗಳು ಕತ್ತಲೆ ಕೋಣೆಯಲ್ಲಿ ಸಾಲಾಗಿ ಕೂತು ನಮ್ಮಜ್ಜಿ ಗುಡಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡಬೇಕು ಎಂದು ನನಗೆ ಹೊಟ್ಟೆಯೊಳಗಿನಿಂದ ಆಸೆಯಾಯಿತು. ಅದಕ್ಕಾಗಿ ನಾನು ಯಾರ ಜೊತೆ ಬೇಕಾದರೂ ಜಗಳವಾಡಲು ಸಿದ್ಧನಿದ್ದೆ. ಜಗಳ ಸಿಕ್ಕಿತು.

ಒಂದು ಶನಿವಾರ ಪೂರ್ತಿ ನಾನೂ ನಂಜುಂಡನೂ ಗಡಿಯಾರ, ನೋಟುಬುಕ್ಕು ಹಿಡಿದು ಅಜ್ಜಿಯ ಹಿಂದೆ ಹಿಂದೆ ತಿರುಗಿದೆವು. ಅಂಗಳ ಗುಡಿಸುವುದು ಇಪ್ಪತ್ತು ಸೆಕೆಂಡು ಸಾಕು. ಬೆರಣಿಯನ್ನು ಗೋಡೆಗೆ ಪಟ್ಟೆಂದು ಹೊಡೆಯುವುದು ಐದು. ಅದು ಬಹಳ ಚೆನ್ನಾಗಿತ್ತು, ಏಳು ಎಂದು ತಿದ್ದಿದೆ. 'ಏನ್ಲಾ, ಬಾಲ ಇಡ್ಕಂಡ್ ಬರೋ ಕರುನಂಗೆ ಇಂದಿಂದೆ ಬತ್ತಾ ಇದ್ದೀರಿ?' ಎಂದು ಅಜ್ಜಿ ಗದರಿದಳು. ಆಗ ನಾನೊಂದು ತಪ್ಪು ಮಾಡಿದೆ. ಸಿನಿಮಾ ಎಂದರೆ ನಮ್ಮ ಮನೆಯಲ್ಲಿ ಕೆಟ್ಟವರು ನೋಡುವುದು, ಅದಕ್ಕಿಂತ ಕೆಟ್ಟವರು ಆಡುವುದು. ಆದ್ದರಿಂದ ಆ ಮಾತು ಎತ್ತದೆ, 'ನಾಳೆ ನಿನ್ನ ಪಟ ತೆಗೀತೀವಿ ಅಜ್ಜಿ' ಎಂದೆ. ಅವಳ ಕೈ ಒಂದು ಗಳಿಗೆ ನಿಂತಿತು. 'ನಂದಾ?' ಎಂದಳು. ಮತ್ತೆ ಗುಡಿಸತೊಡಗಿದಳು. ನಾನು ಅದನ್ನು ಗಮನಿಸಿದೆ, ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ.

ಈಗ ಗಫೂರ್ ಸಾಬರ ವಿಷಯ. ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಫೋಟೋ ಸ್ಟುಡಿಯೋ. ಒಳಗೆ ಅರಮನೆ, ಕೊಳ, ನವಿಲು ಬರೆದ ಪರದೆ. ಅದರ ಮುಂದೆ ಒಂದು ಕುರ್ಚಿ. ಇಪ್ಪತ್ತು ವರ್ಷದಿಂದ ಊರಿನ ಮದುವೆ, ನಾಮಕರಣ, ಸಾವು ಎಲ್ಲಕ್ಕೂ ಅವರೇ. ಮೂರು ಕಾಲಿನ ಕ್ಯಾಮೆರಾಕ್ಕೆ ಕರಿ ಬಟ್ಟೆ ಹೊದಿಸಿ, ತಾವೂ ಅದರೊಳಗೆ ತಲೆ ತೂರಿಸಿ, 'ರೆಡೀ... ಅಲ್ಲಾಡಬ್ಯಾಡೀ... ಉಸ್ರು ಬಿಡಬ್ಯಾಡೀ...' ಎಂದು ಮುಚ್ಚಳ ತೆಗೆದು ಒಂದು, ಎರಡು, ಮೂರು ಎಣಿಸುವರು. ಅಲ್ಲಾಡಿದವರ ಮುಖ ಎರಡಾಗಿ ಬರುತ್ತಿತ್ತು. ಮುಖ ಎರಡಾದರೆ ಅಪಶಕುನ ಎಂದು ಊರವರೇ ಸೇರಿಸಿಕೊಂಡಿದ್ದರು. ಹೀಗಾಗಿ ಕ್ಯಾಮೆರಾ ಕಂಡರೆ ಮರದ ಬೊಂಬೆಯಾಗುವುದನ್ನು ಗುಂಡ್ಲುಪೇಟೆ ತಾಯಿಯ ಹಾಲಿನ ಜೊತೆಗೇ ಕಲಿತಿತ್ತು. ನನ್ನದೇ ಏಳನೇ ವಯಸ್ಸಿನ ಪಟವೊಂದಿದೆ. ಕಣ್ಣು ಹೊರಗೆ ಬಂದು, ಮೂಗು ಅರಳಿ, ಈಗಲೋ ಆಗಲೋ ಪ್ರಾಣ ಬಿಡುವವನ ಹಾಗಿದ್ದೇನೆ. ಸೀನು ಬಂದಿತ್ತು, ಸಾಬರಿಗೆ ಹೆದರಿ ತಡೆದುಕೊಂಡಿದ್ದೆ.

ಆದರೆ ಬೆಳಕಿನ ಹದ ತಿಳಿದವರು ಅವರೊಬ್ಬರೇ. ಹೋಗಿ ಕೈ ಮುಗಿದೆ. ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿ, 'ಭಾರಿ ಚಂದ ಅದೆ ಮೇಷ್ಟ್ರೇ, ನಾನೇ ಬತ್ತೀನಿ' ಎಂದರು. 'ಇದರಲ್ಲಿ ಅಲ್ಲಾಡಬೇಕು ಸಾಬ್ರೇ. ಅಲ್ಲಾಡಬೇಡಿ ಅಂತ ಮಾತ್ರ ಅನ್ನಬೇಡಿ' ಎಂದು ಮೂರು ಸಲ ಹೇಳಿದೆ. 'ಅಲ್ಲಾನ ಆಣೆಗೂ ಅನ್ನಲ್ಲ' ಎಂದರು.

ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ಶುರು. ಬೇಗೂರಿನ ಕಡೆಯಿಂದ ಬಸ್ಸು ಧೂಳೆಬ್ಬಿಸಿಕೊಂಡು ಊರೊಳಗೆ ನುಗ್ಗುವುದು ಮೊದಲ ನೋಟ. ಬಸ್ಸು ಬಂತು. ಸಾಬರು ಗುಂಡಿಯ ಮೇಲೆ ಬೆರಳಿಟ್ಟರು. ಇಪ್ಪತ್ತು ವರ್ಷದ ಅಭ್ಯಾಸ ಒಂದು ಆಣೆಗೆ ಬಗ್ಗುತ್ತದೆಯೇ? 'ರೆಡೀ... ಅಲ್ಲಾಡಬ್ಯಾಡೀ...' ಎಂದು ಸಂತೆಗೆಲ್ಲ ಕೇಳುವ ಹಾಗೆ ಕೂಗಿದರು. ಡ್ರೈವರು ನಡು ಬೀದಿಯಲ್ಲಿ ಬ್ರೇಕು ಹಾಕಿದ. ಮೀಸೆ ತಿರುವಿ, ಎರಡು ಕೈಯನ್ನೂ ಚಕ್ರದ ಮೇಲಿಟ್ಟು, ಎದುರಿಗೆ ನೋಡುತ್ತಾ ಕೂತ. ಕಿಟಕಿಗೊಂದೊಂದು ತಲೆ ಹೊರಬಂದು ಅಲ್ಲೇ ನಿಂತಿತು. ಕಂಡಕ್ಟರು ಏಣಿಯ ಮೇಲೆ ಒಂದು ಕಾಲು ಎತ್ತಿದವನು ಎತ್ತಿದ ಹಾಗೇ ಇದ್ದ. 'ಬನ್ರೀ! ಓಡಿಸ್ರೀ! ಇದು ಸಿನಿಮಾ ಕಣ್ರೀ!' ಎಂದು ನಾನು ಹೊಡೆದುಕೊಂಡೆ. ಕಂಡಕ್ಟರು ತುಟಿ ಅಲ್ಲಾಡಿಸದೆ, 'ಸುಮ್ಕಿರಿ ಸಾ, ಪಟ ಕೆಟ್ಟೋಯ್ತದೆ' ಎಂದ. ಗರಗರ ನಿಂತಿತು. ಒಡನೆಯೇ ಬಸ್ಸು, ಜನ, ಧೂಳು ಎಲ್ಲವೂ ನನ್ನ ಮನಸ್ಸಿನಲ್ಲಿದ್ದ ಹಾಗೆಯೇ ಜೀವ ತಳೆದು ಮುಂದೆ ಹೋದವು. ಬಾವಿಯ ಕಟ್ಟೆಯಲ್ಲಿಯೂ ಅದೇ. ನೀರು ಸೇದುತ್ತಿದ್ದ ನಾಲ್ಕು ಹೆಂಗಸರು ಕ್ಯಾಮೆರಾ ಕಂಡೊಡನೆ ಸೆರಗು ಸರಿಮಾಡಿಕೊಂಡು ಎತ್ತರದ ಪ್ರಕಾರ ಸಾಲಾಗಿ ನಿಂತರು. ಹಗ್ಗ ಬಿಟ್ಟ ರಭಸಕ್ಕೆ ಕೊಡ ಬಾವಿಗೆ ಬಿತ್ತು. ಆ ಕೊಡದವಳೂ ತಿರುಗಿ ನೋಡಲಿಲ್ಲ. ಇಂಥ ಶಿಸ್ತು ದಂಡಿನಲ್ಲಿಯೂ ಇರಲಾರದು. ನಾನು ಟೋಪಿಯನ್ನು ನೆಲಕ್ಕೆ ಬಡಿದೆ. ಸಾಬರು ಮತ್ತೆ ಮತ್ತೆ ಚಾವಿ ಕೊಟ್ಟು ಅರ್ಧ ಸುರುಳಿ ಮುಗಿಸಿದ್ದರು.

ಹೋಗಲಿ, ಅಜ್ಜಿ ಇದ್ದಾಳಲ್ಲ ಎಂದು ಮನೆಗೆ ಬಂದೆವು. ಬಾಗಿಲಲ್ಲೇ ನಿಂತುಬಿಟ್ಟೆ. ಅಜ್ಜಿ ತಲೆಗೆ ಸ್ನಾನ ಮಾಡಿದ್ದಳು. ಹಬ್ಬಕ್ಕೂ ಪೆಟ್ಟಿಗೆಯಿಂದ ಹೊರಬರದ ಸೀರೆ ಉಟ್ಟು, ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿದ್ದಳು. ಅಂಗಳದ ನಡುವೆ ತಾತನ ಹಳೆಯ ಮರದ ಕುರ್ಚಿ. ಅವಳು ಹೋಗಿ ಅದರಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಅಂಗೈಯನ್ನು ಮಂಡಿಯ ಮೇಲಿಟ್ಟು, 'ಊ, ತಗೀರಿ' ಎಂದಳು. ಅದಾದ ಮೇಲೆ ಉಸಿರಾಡಲಿಲ್ಲ.

ಆ ಕೂತ ರೀತಿ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿದ್ದ ಒಂದೇ ಒಂದು ದೊಡ್ಡ ಪಟ ನಮ್ಮ ತಾತನದು. ಅದೂ ಅವರು ತೀರಿಕೊಂಡ ದಿನ ಗಫೂರ್ ಸಾಬರು ತೆಗೆದದ್ದು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕೂರಿಸುತ್ತೇವೆ. ತಾತ ಬದುಕಿದ್ದಷ್ಟು ದಿನ ಸ್ಟುಡಿಯೋ ಮೆಟ್ಟಲು ಹತ್ತಲಿಲ್ಲ. ಆಮೇಲೆ ಕೂತರು, ಇದೇ ಕುರ್ಚಿಯಲ್ಲಿ, ಹೀಗೇ ಕೈಯಿಟ್ಟುಕೊಂಡು. ಸಾಬರ ಜೀವಮಾನದಲ್ಲೇ ಅತ್ಯಂತ ಸ್ಪಷ್ಟವಾಗಿ ಬಂದ ಪಟ ಅದು. ಈಗ ನಮ್ಮ ಅಜ್ಜಿ, ಬದುಕಿರುವ ಅಜ್ಜಿ, ಊರಿಗೆಲ್ಲ ಚಲನೆ ಕಲಿಸಬೇಕಾದ ಅಜ್ಜಿ, ಅದೇ ಪಟವಾಗಿ ಕೂತಿದ್ದಳು. ನನಗೆ ಬಂದ ಕೋಪದೊಳಗೆ ಹೆದರಿಕೆಯೂ ಇತ್ತೆಂದು ಈಗ ಅನ್ನಿಸುತ್ತದೆ. ಆಗ ಬರೀ ಕೋಪವೇ ಕಂಡಿತು.

'ಏಳಜ್ಜೀ! ಪೊರಕೆ ತಗೋ! ಗುಡಿಸು!' ಎಂದೆ. ಅಲ್ಲಾಡಲಿಲ್ಲ. ಅಷ್ಟರಲ್ಲಿ ಸಾಬರು 'ರೆಡೀ...' ಎಂದು ಗುಂಡಿ ಒತ್ತಿಯೇಬಿಟ್ಟಿದ್ದರು. ಚಾವಿ ಇಳಿದಾಗಲೆಲ್ಲ ಮತ್ತೆ ಕೊಟ್ಟು ಒತ್ತುತ್ತಿದ್ದರು. ಗರಗರ ಸದ್ದಿನ ಜೊತೆಗೆ ನನ್ನ ನಾಲ್ಕು ಜಿಲ್ಲೆಯ ಮೇಷ್ಟರುಗಳು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ನಾನು ತಡೆಯಲಾರದೆ ಓಡಿಹೋಗಿ ಕುರ್ಚಿಯ ಪಕ್ಕ ನಿಂತು, ಕೈ ಬೀಸಿ, ಬೆರಳು ತೋರಿಸಿ, ಬಾಯಿಗೆ ಬಂದದ್ದನ್ನೆಲ್ಲ ಕೂಗಿದೆ. ಏನು ಕೂಗಿದೆ ಎನ್ನುವುದು ಇಲ್ಲಿ ಬೇಡ. ಚಿತ್ರ ಮೂಕವಾದದ್ದು ದೇವರ ದಯೆ. ಆಗ ಅಜ್ಜಿ ಮೊದಲ ಬಾರಿಗೆ ಅಲ್ಲಾಡಿದಳು. ಬಲಗೈಯನ್ನು ಬಾಯಿಗೆ ತಂದು ಎಂಜಲು ಮಾಡಿಕೊಂಡು, ಕೆದರಿದ್ದ ನನ್ನ ತಲೆಗೂದಲನ್ನು ಹಣೆಯಿಂದ ಹಿಂದಕ್ಕೆ ಒತ್ತಿ ಬಾಚಿದಳು. ಒಂದು ಸಲವಲ್ಲ, ಎರಡು ಸಲ. ಮತ್ತೆ ಕೈಯನ್ನು ಮಂಡಿಯ ಮೇಲಿಟ್ಟು ಮೊದಲಿನಂತೆ ಕೂತಳು. ಫಿಲ್ಮು ಮುಗಿಯಿತು.

'ಆಯ್ತಾ ಮೊಗ? ಯಾವತ್ತು ಕೊಟ್ಟಾರು ಪಟವ? ನಿಮ್ ತಾತನ ಪಕ್ಕಕ್ಕೆ ನಿಮ್ಮಪ್ಪನ ಕೈಲಿ ಮೊಳೆ ಒಡ್ಸಿವ್ನಿ' ಎಂದಳು.

ಒಳಗೆ ನೋಡಿದೆ. ತಾತನ ಪಟದ ಬಲಕ್ಕೆ, ಅದೇ ಎತ್ತರದಲ್ಲಿ, ಹೊಸ ಮೊಳೆ. 'ಇದು ಗೋಡೆಗೆ ಹಾಕೋ ಪಟ ಅಲ್ಲ! ಗೋಡೆಗೆ ಹಾಕೋದಕ್ಕೆ ಬರೋದೇ ಇಲ್ಲ! ಎಲ್ಲಾ ಹಾಳು ಮಾಡಿಬಿಟ್ಟೆ!' ಎಂದು ಕಿರುಚಿದೆ. ಅಜ್ಜಿ ಕುರ್ಚಿಯಿಂದ ಎದ್ದಳು. ಒಳಗೆ ಹೋಗಿ, ಸೀರೆ ಬದಲಾಯಿಸಿ, ಹೊಸದನ್ನು ಮಡಿಸಿ ಪೆಟ್ಟಿಗೆಗೆ ಹಾಕಿ, ಹೊರಗೆ ಬಂದು ಅಂಗಳ ಗುಡಿಸತೊಡಗಿದಳು. ಎಂಥ ಗುಡಿಸುವಿಕೆ! ಬಿಸಿಲು ಓರೆಯಾಗಿ ಬಿದ್ದಿತ್ತು, ಧೂಳು ಹೊಗೆಯ ಹಾಗೆ ಏಳುತ್ತಿತ್ತು. ಪಕ್ಕದಲ್ಲಿ ಸಾಬರು ಬರಿದಾದ ಕ್ಯಾಮೆರಾ ಹಿಡಿದುಕೊಂಡು, 'ಅರೆರೆ, ಈಗ ಒಳ್ಳೆ ಬೆಳಕು ಬಂತಲ್ಲ ಮೇಷ್ಟ್ರೇ' ಎಂದರು. ಅವರನ್ನು ನಾನು ಹೊಡೆಯದೆ ಬಿಟ್ಟದ್ದು ಕ್ಯಾಮೆರಾ ಸರ್ಕಾರದ್ದು ಎಂಬ ಒಂದೇ ಕಾರಣಕ್ಕೆ.

ಸುರುಳಿ ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬರಲು ಎರಡು ತಿಂಗಳಾಯಿತು. ಆ ಎರಡು ತಿಂಗಳೂ ಊರಿಗೆ ಬಂದಾಗಲೆಲ್ಲ ಊಟಕ್ಕೆ ಕೂತರೆ ಎದುರಿಗೆ ಆ ಮೊಳೆ. ಅಜ್ಜಿ ಅದರ ಮಾತೆತ್ತಲಿಲ್ಲ, ಕೀಳಿಸಲೂ ಇಲ್ಲ. ಹಾಕುವ ಮುದ್ದೆ ಮಾತ್ರ ಮೊದಲಿಗಿಂತ ದೊಡ್ಡದಾಗಿತ್ತು. ಅದು ನನಗೆ ಇನ್ನಷ್ಟು ಕೋಪ ತರಿಸಿತು. ಬೈದಿದ್ದರೆ ಬೈದು ತೀರಿಸಿಕೊಳ್ಳಬಹುದಿತ್ತು.

ಚಾಮರಾಜನಗರದಲ್ಲಿ, ಹಾಡುಹಗಲೇ, ಟ್ರೈನಿಂಗ್ ಶಾಲೆಯ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಚಿತ್ರ ತೋರಿಸಿದರು. ಮೊದಲು ನಿಂತ ಬಸ್ಸು. ಆಮೇಲೆ ನಿಂತ ಹೆಂಗಸರು. ಅವರ ಹಿಂದೆ ಒಂದು ಎಮ್ಮೆ ಮಾತ್ರ ಸಾವಕಾಶವಾಗಿ ದಾಟಿಹೋಯಿತು. ಅದಕ್ಕೆ ಚಪ್ಪಾಳೆ ಬಿತ್ತು. ಆಮೇಲೆ ಕೂತ ಅಜ್ಜಿ. ಇದ್ದಕ್ಕಿದ್ದಂತೆ ಎಡಗಡೆಯಿಂದ ಟೋಪಿಯಿಲ್ಲದ ಒಬ್ಬ ಹುಚ್ಚ ನುಗ್ಗಿ, ಕೈಕಾಲು ಬಡಿದು, ಕಪ್ಪೆಯ ಹಾಗೆ ಕುಪ್ಪಳಿಸಿ, ಶಬ್ದವಿಲ್ಲದೆ ಬಾಯಿ ತೆರೆದು ಮುಚ್ಚತೊಡಗಿದ. ನಗು ಸೂರಿಗೆ ತಾಗಿತು. ಅಜ್ಜಿ ಎಂಜಲು ಹಚ್ಚಿ ಅವನ ಕೂದಲು ಬಾಚಿದಾಗ ಮಾತ್ರ ನಗು ತಟ್ಟನೆ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ನಂಜುಂಡ ನನ್ನ ಕಿವಿಯಲ್ಲಿ, 'ಪಶ್ಚಾತ್ತಾಪ ಗೊತ್ತಾಯ್ತು ಬುಡ್ಲಾ, ಮಾತಿಲ್ದೆನೂ ಆಯ್ತದೆ' ಎಂದ. ದೀಪ ಹಾಕಿದ ಮೇಲೆ ಅಧಿಕಾರಿಗಳು ಗಂಟಲು ಸರಿಮಾಡಿಕೊಂಡು, 'ಇದರಲ್ಲಿ ಚಲನೆ ಕಡಿಮೆ, ಇರುವ ಚಲನೆಯೂ ಶಿಕ್ಷಕರಿಗೆ ಮಾದರಿಯಾಗುವಂಥದ್ದಲ್ಲ' ಎಂದು ಸುರುಳಿಯನ್ನು ನನ್ನ ಕೈಗೇ ಕೊಟ್ಟು ಜೀಪು ಹತ್ತಿದರು. ಮೈಸೂರಿನ ಮಾತು ಅಲ್ಲಿಗೆ ಮುಗಿಯಿತು.

ಸುರುಳಿಯನ್ನು ಸಾಬರ ತಲೆಗೆ ಎಸೆಯಬೇಕೆಂದೇ ಗುಂಡ್ಲುಪೇಟೆಗೆ ಬಂದೆ. ಎಸೆದೆ ಕೂಡ, ಮೇಜಿನ ಮೇಲೆ ಬಿತ್ತು. 'ನೀವೂ ನಿಮ್ಮ ಅಲ್ಲಾಡಬ್ಯಾಡಿಯೂ' ಎಂದೆ. ಅವರು ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರು. 'ಒಂದೊಂದೂ ಒಂದೊಂದು ಫೋಟೋ ಅಲ್ವಾ ಮೇಷ್ಟ್ರೇ? ಉಗುರಿನಷ್ಟೇ ಅದೆ, ನಿಜ. ನಾನು ದೊಡ್ಡದು ಮಾಡ್ತೀನಿ. ಅಜ್ಜಿ ಕೂತಿರೋದು ಬೇಕಾದಷ್ಟು ಅವೆ' ಎಂದರು. ನಾಲ್ಕು ನಿಮಿಷದ ಚಲನಚಿತ್ರವೆಂದರೆ ಸಾವಿರಾರು ಪಟಗಳೆಂದು ಮೇಷ್ಟರ ಟ್ರೈನಿಂಗಿನಲ್ಲಿ ಬರೆದು ಪಾಸಾದವನು ನಾನು. ಎರಡು ತಿಂಗಳು ಆ ಮೊಳೆಯನ್ನು ನೋಡುತ್ತಾ ಉಂಡವನೂ ನಾನೇ. ಹೊಳೆದದ್ದು ಇವರಿಗೆ. ಕೋಪದ ಸಂಗತಿ ಎಂದರೆ ಇದು.

ಮರುದಿನ ಅಜ್ಜಿಯನ್ನು ಸ್ಟುಡಿಯೋಗೆ ಕರೆತಂದೆ. ಸಾಬರು ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, 'ನೋಡಿ ಅವ್ವಾರೆ, ಯಾವುದು ಬೇಕು?' ಎಂದರು. ಒಬ್ಬಳೇ ನೆಟ್ಟಗೆ ಕೂತ, ತಾತನ ಪಟಕ್ಕೆ ಸರಿಜೋಡಿಯಾದ ನೂರಾರು ಪಟಗಳಿದ್ದವು. ಅವಳು ಸಾವಕಾಶವಾಗಿ ಅವನ್ನೆಲ್ಲ ದಾಟಿ ಮುಂದೆ ಹೋಗಿ, ಒಂದರ ಮೇಲೆ ಬೆರಳಿಟ್ಟಳು. 'ಇದೇ ಇರ್ಲಿ. ಇದ್ರಲ್ಲಿ ಮೊಗನೂ ಅದೆ.' ನಾನು ಬಗ್ಗಿ ನೋಡಿದೆ. ಅವಳ ಅಂಗೈ ನನ್ನ ತಲೆಯ ಮೇಲೆ. ನನ್ನ ಬೆರಳು ಅವಳ ಮೂಗಿನ ಮುಂದೆ. ನನ್ನ ಬಾಯಿ, ಕಿರುನಾಲಿಗೆ ಕಾಣುವಷ್ಟು, ತೆರೆದಿತ್ತು. 'ಬೇರೆ ತಗೋ ಅಜ್ಜಿ' ಎಂದು ಬೇಡಿಕೊಂಡೆ. ಅವಳು ಅಲ್ಲಾಡಲಿಲ್ಲ. ಅಲ್ಲಾಡದೆ ಇರುವುದನ್ನು ಅವಳು ಚೆನ್ನಾಗಿ ಕಲಿತಿದ್ದಳು.

ಪಟ ದೊಡ್ಡದಾಗಿ ಬಂತು. ಅಂಗಳಕ್ಕೆ ರಾಗಿ ಚೆಲ್ಲಿದ ಹಾಗೆ ಮೈಯೆಲ್ಲ ಚುಕ್ಕೆ, ಆದರೂ ಯಾರೆಂದು ಗುರುತು ಸಿಗುತ್ತದೆ. ನನ್ನ ದುರದೃಷ್ಟಕ್ಕೆ ನನ್ನ ಗುರುತು ಇನ್ನೂ ಚೆನ್ನಾಗಿ ಸಿಗುತ್ತದೆ. ಮೊಳೆಗೆ ಅದು ಏರಿದ ದಿನದಿಂದ ಮನೆಗೆ ಬಂದವರೆಲ್ಲರೂ, ನನ್ನ ಮದುವೆಗೆ ಬಂದ ಹೆಣ್ಣಿನ ಕಡೆಯವರೂ ಸೇರಿ, 'ಅಜ್ಜೀನ ಹಂಗೆ ಗದರ್ತಾ ಇರೋನು ಯಾರು?' ಎಂದು ಕೇಳಿದ್ದಾರೆ. ಯಾರೋ ದೂರದವನು ಎನ್ನುತ್ತೇನೆ. ಒಳಗಿನಿಂದ ಹೆಂಡತಿ, 'ಅವರೇ' ಎನ್ನುತ್ತಾಳೆ.

ತಾಳ್ಮೆಯ ಭಾಷಣ ಕೇಳಿ ಹಲ್ಲು ಕಡಿದ ಮರುದಿನ ಭಾನುವಾರ. ಹಂಗಳದಿಂದ ಊರಿಗೆ ಬಂದೆ. ಅಜ್ಜಿ ಪೂಜೆ ಮುಗಿಸಿ, ಎರಡು ಪಟದ ಗಾಜಿಗೂ ವಿಭೂತಿ ಇಟ್ಟು ಹೂವು ಸಿಕ್ಕಿಸುತ್ತಿದ್ದಳು. ನನಗೆ ಉರಿದುಹೋಯಿತು. 'ಅಜ್ಜಿ! ಬದುಕಿರೋರ ಪಟಕ್ಕೆ ಯಾರಾದರೂ ಹೂವು ಇಡ್ತಾರಾ? ನಿನಗೆ ನೀನೇ ಇಟ್ಕೊಳ್ತಾ ಇದ್ದೀಯಲ್ಲ!' ಎಂದು ಕೂಗಿದೆ.

'ನಂಗ್ಯಾಕ್ ಇಟ್ಕಳನ? ನಿಂಗೇ ಕಣ್ಲಾ ಇಟ್ಟಿರದು' ಎಂದಳು.

ಹತ್ತಿರ ಹೋಗಿ ನೋಡಿದೆ. ಕಣಗಿಲೆ ಹೂವು ಸರಿಯಾಗಿ ನನ್ನ ತೆರೆದ ಬಾಯಿಯ ಮೇಲೆ ಕೂತಿತ್ತು.

'ದಿನಾಲೂ ಅಲ್ಲಿಗೇ ಇಡ್ತೀನಿ' ಎಂದಳು ಅಜ್ಜಿ, ಪೊರಕೆ ಎತ್ತಿಕೊಳ್ಳುತ್ತಾ. 'ಬಾಯಿ ಮುಚ್ಚಿದ್ರೆ ಎಷ್ಟು ಚೆಂದಾಗಿ ಕಾಣ್ತೀಯಾ ಅಂತ ನೋಡಕೆ.'

ಇದಕ್ಕೆ ತಕ್ಕ ಉತ್ತರ ಕೊಡಲೇಬೇಕೆಂದು ಬಾಯಿ ತೆರೆದೆ. ಮೊಳೆಯ ಮೇಲಿದ್ದವನನ್ನು ಇನ್ನೊಮ್ಮೆ ನೋಡಿ ಮುಚ್ಚಿಕೊಂಡೆ. ಕೂದಲು ಕೆದರಿತ್ತೆಂದು ಕಾಣುತ್ತದೆ. ಅಜ್ಜಿ ಪೊರಕೆಯನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ಬಾಯಿಗೆ ಒಯ್ಯುತ್ತಿದ್ದಳು. ನಾನು ಅಲ್ಲಾಡದೆ ನಿಂತೆ.